ಬುರುಡೆ ಕುಲುಮೆಗೆ ಬಿದ್ದ ಕೋಗಿಲೆ

“ಬರದಿಟ್ಕ ದಾಕ್ಷಾಯಣಿ! ಈ ಜನ್ಮದಾಗ ನಿನ್ನ ಆ ಬ್ಯಾಂಡು ನನ್ನ ಕಿವಿ ದಾಟಿ ಒಳಗ ಹೋಗಂಗಿಲ್ಲ!”

ವಿರೂಪಾಕ್ಷಿ ಊಟದ ತಟ್ಟೆಯ ಮುಂದೆ ಕೂತು ಹೀಗೆ ಘೋಷಿಸಿದಾಗ ಅವನ ಹೆಂಡತಿ ತಲೆ ಕೂಡ ಎತ್ತಲಿಲ್ಲ.

“ಒಳಗ ಬರ್ರಿ ಅಂತ ಯಾರು ಕರದಾರ್ರೀ? ಶೇಂಗಾ ಚಟ್ನಿ ಹಾಕ್ಲೇನು?”

ದಾಕ್ಷಾಯಣಿ ಬಳ್ಳಾರಿಯಲ್ಲಿ ಹಲ್ಲಿನ ಡಾಕ್ಟರು. ಕಾಲೇಜಿನ ದಿನಗಳಲ್ಲೇ ‘ಸ್ಕಲ್ ಫರ್ನೇಸ್’ ಎಂಬ ಬ್ಯಾಂಡಿಗೆ ಮನಸ್ಸು ಕೊಟ್ಟವಳು. ಯಾವುದೋ ಹಿಮದ ದೇಶದ ನಾಲ್ಕು ಜನ ಜಡೆಧಾರಿಗಳು. ಡ್ರಮ್ಮು ಬಡಿದರೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಹಾಡುವವನು ಬಾಯಿ ತೆರೆದರೆ ಬಿಸಿ ಮಿರ್ಚಿಯನ್ನು ಇಡಿಯಾಗಿ ನುಂಗಿ, ಉಗುಳಲೂ ಆಗದೆ ಒದ್ದಾಡುವವನ ಹಾಗೆ! ವಿರೂಪಾಕ್ಷಿ ಅದಕ್ಕೆ ‘ಬುರುಡೆ ಕುಲುಮೆ’ ಎಂದು ಕನ್ನಡದಲ್ಲಿ ನಾಮಕರಣ ಮಾಡಿದ್ದನೇ ಹೊರತು, ಮದುವೆಯಾದಾಗಿನಿಂದ ಅದನ್ನು ದ್ವೇಷಿಸಿದವನೂ ಅಲ್ಲ, ಕೇಳಿದವನೂ ಅಲ್ಲ.

“ನನಗ ಅದು ಮಿಕ್ಸಿ ಇದ್ದಂಗ. ತಿರುಗಿದ್ರ ತಿರುಗ್ಲಿ” ಎನ್ನುತ್ತಿದ್ದ.

ಈ ಉದಾಸೀನದ ಹಿಂದೆ ದೊಡ್ಡ ಗತ್ತಿತ್ತು. ವಿರೂಪಾಕ್ಷಿಗೆ ಒಳ್ಳೆಯ ಕಂಠ. ಬಂಧುಬಳಗದಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ತೊಟ್ಟಿಲ ಕಾರ್ಯವಿರಲಿ, ಮೊದಲು ಅವನ ಪ್ರಾರ್ಥನೆ, ಆಮೇಲೆ ಉಳಿದದ್ದು. ಹುಟ್ಟೂರಿನ ಹೆಸರು ಸೇರಿಸಿ ‘ಕುರುಗೋಡಿನ ಕೋಗಿಲೆ’ ಎಂಬ ಬಿರುದೂ ಇತ್ತು. ಕೊಟ್ಟವನು ಸ್ವತಃ ವಿರೂಪಾಕ್ಷಿ.

ಅವನದು ಜೀನ್ಸ್ ಹೊಲಿಯುವ ಯೂನಿಟ್ಟು. ದಿನವಿಡೀ ಹೊಲಿಗೆ ಮಷೀನುಗಳ ಗದ್ದಲ. ಆ ಗದ್ದಲವೇ ಅವನ ಊಟ, ಅದೇ ನಿದ್ದೆ. ಈ ಸಲ ಸೀಸನ್ ಮುಗಿದ ಮೇಲೆ ಆರ್ಡರು ಬರಲಿಲ್ಲ. ಮಷೀನುಗಳೆಲ್ಲ ಮುಸುಕು ಹೊದ್ದು ಕೂತವು. ಆ ಮೌನದಲ್ಲಿ ವಿರೂಪಾಕ್ಷಿಗೆ ಅನ್ನ ಸೇರದಾಯಿತು. ಸಣ್ಣಪುಟ್ಟ ಆರ್ಡರಾದರೂ ಸಿಕ್ಕೀತೆಂದು ಒಂದು ದಿನ ತೆಕ್ಕಲಕೋಟೆಯ ಬಟ್ಟೆ ಅಂಗಡಿಗೆ ಹೊರಟ. ತನ್ನ ಕಾರು ರಿಪೇರಿಗೆ ಹೋಗಿದ್ದರಿಂದ ಹೆಂಡತಿಯದನ್ನು ಒಯ್ದ.

ಕೀಲಿ ತಿರುಗಿಸಿದ್ದೇ ತಡ, ಬುರುಡೆ ಕುಲುಮೆ ಹೊತ್ತಿಕೊಂಡಿತು! ಬಂದ್ ಮಾಡಲು ಚಾಚಿದ ಕೈ ಅಲ್ಲೇ ನಿಂತಿತು. ದಡದಡದಡದಡ... ಅಯ್ಯೋ, ಇದು ಡ್ರಮ್ಮಲ್ಲ! ತನ್ನ ಮಷೀನುಗಳು! ಎಲ್ಲವೂ ಒಟ್ಟಿಗೆ ಓಡುತ್ತಿವೆ! ದಾರ ಹರಿಯುತ್ತಿಲ್ಲ, ಸೂಜಿ ಮುರಿಯುತ್ತಿಲ್ಲ, ಕರೆಂಟು ಹೋಗುತ್ತಿಲ್ಲ!

“ಹೊಡೀರಲೇ!” ಎಂದು ಖಾಲಿ ಕಾರಿನಲ್ಲಿ ಕೂಗಿಯೇಬಿಟ್ಟ. ತೆಕ್ಕಲಕೋಟೆ ತಲುಪಿದ ಮೇಲೂ ಹಾಡು ಮುಗಿಯುವವರೆಗೆ ಕಾರಿನಿಂದ ಇಳಿಯಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಕೂತವನನ್ನು ನೋಡಿ ಅಂಗಡಿಯವನೇ ಹೊರಗೆ ಬಂದು, “ಯಾಕ್ರೀ, ಮನಿ ಕಡಿ ಎಲ್ಲಾ ಆರಾಮ ಅದಾರಲ್ಲ?” ಎಂದು ಕೇಳಿದ.

ಪ್ರೀತಿಯೇನೋ ಹುಟ್ಟಿತು, ಹೆಂಡತಿಗೆ ಹೇಳುವುದು ಹೇಗೆ? ಮೀಸೆಯ ಪ್ರಶ್ನೆ! ಆ ಹಾಡುಗಳನ್ನು ಕದ್ದು ಫೋನಿಗೆ ಇಳಿಸಿಕೊಂಡು, ಯೂನಿಟ್ಟಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೂರತೊಡಗಿದ. ಕಟಿಂಗ್ ಮಾಸ್ತರ ರಂಗಣ್ಣ ಎರಡು ದಿನ ನೋಡಿದ. ಮೂರನೆಯ ದಿನ ಹತ್ತಿರ ಬಂದು ಪಿಸುಗುಟ್ಟಿದ.

“ಸಾವ್ಕಾರ್ರ, ತಲಿ ಯಾಕ್ರೀ ಹಂಗ ಅಲ್ಲಾಡಾಕತ್ತೈತಿ? ಮೈಮ್ಯಾಲ ದೇವ್ರು ಬಂದಾವೇನ್ರಿ? ನಿಂಬಿಹಣ್ಣು ತರಿಸ್ಲಾ?”

ಕೇಳಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೋಗಿಲೆಗೆ ಹಾಡುವ ಚಪಲ! ಬೆಳಿಗ್ಗೆ ಬಚ್ಚಲಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಗಂಟಲಾಳದಿಂದ “ಗ್ರ್ರ್ರ್ಆಆ!” ಎಂದು ಶುರು ಮಾಡಿದ. ತಾನು ಥೇಟ್ ಆ ಜಡೆಧಾರಿಯಂತೆಯೇ ಹಾಡುತ್ತಿದ್ದೇನೆಂದು ಅವನ ನಂಬಿಕೆ. ಹೊರಗಿದ್ದವರಿಗೆ ಬೇರೆಯೇ ಕೇಳಿಸಿತು.

“ದಾಕ್ಷಾಯಣಿ, ಮೋಟ್ರು ಕೆಟ್ಟೈತಿ ನೋಡವ್ವಾ” ಎಂದರು ವಿರೂಪಾಕ್ಷಿಯ ತಾಯಿ ಸುವರ್ಣಮ್ಮ.

“ಹೌದತ್ತಿ, ನೀರಿನ ಜೋಡಿ ಗಾಳಿ ಎಳೀಲಿಕತ್ತೈತಿ” ಎಂದಳು ಸೊಸೆ. ಅಷ್ಟು ವರ್ಷದ ಅಭಿಮಾನಿಗೂ ಅದು ತನ್ನ ಬ್ಯಾಂಡಿನ ಹಾಡೆಂದು ಹೊಳೆಯಲಿಲ್ಲವೆಂದರೆ, ಹಾಡುಗಾರಿಕೆ ಯಾವ ಮಟ್ಟದ್ದೆಂದು ನೀವೇ ಊಹಿಸಿ!

ಮೋಟರ್ ರಿಪೇರಿಯ ಗಾದಿಲಿಂಗ ಬಂದ. ಮೋಟರನ್ನು ಬಿಚ್ಚಿ, ಅದರ ಕರುಳನ್ನೆಲ್ಲ ಅಂಗಳದಲ್ಲಿ ಹರವಿದ. ಮನೆಗೆ ಹನಿ ನೀರಿಲ್ಲ. ಪಾತ್ರೆಗಳು ಗುಡ್ಡೆಬಿದ್ದವು. ವಿರೂಪಾಕ್ಷಿ ಬಾಯಿಬಿಡುವಂತಿಲ್ಲ. ಪಕ್ಕದ ಮನೆಯಿಂದ ತಾನೇ ಕೊಡ ಹೊತ್ತ. ಸಂಜೆ ಗಾದಿಲಿಂಗ ಮೋಟರ್ ಜೋಡಿಸಿ, “ಇನ್ನ ಜನ್ಮದಾಗ ಸಪ್ಪಳ ಬರಂಗಿಲ್ರಿ” ಎಂದು ಎದೆ ತಟ್ಟಿಕೊಂಡು ಹೋದ. ಮರುದಿನ ಬೆಳಿಗ್ಗೆ ಮತ್ತೆ “ಗ್ರ್ರ್ರ್ಆಆ!” ಪಾಪ, ಗಾದಿಲಿಂಗ ತನ್ನ ಕೆಲಸದ ಮೇಲೇ ನಂಬಿಕೆ ಕಳೆದುಕೊಂಡು, ಹೊಸ ಮೋಟರನ್ನೇ ಕೂರಿಸಿ ಕೈಮುಗಿದ.

ಹೀಗಿರುವಾಗ ಸಿರುಗುಪ್ಪದಲ್ಲಿ ವಿರೂಪಾಕ್ಷಿಯ ಅಕ್ಕ ಸಾವಂತ್ರಮ್ಮನ ಮಗಳು ಶೀಲಾಳ ನಿಶ್ಚಿತಾರ್ಥ ಬಂತು. ಗಂಡಿನವರು ರಾರಾವಿಯವರು. ಗಂಡಿನ ಅಜ್ಜ ತಿಪ್ಪೇರುದ್ರಪ್ಪನವರು ಬಹಳ ಕಟ್ಟುನಿಟ್ಟು. ಸ್ವಲ್ಪ ಹೆಚ್ಚುಕಡಿಮೆಯಾದರೂ ಎದ್ದು ಹೋಗುವ ಪೈಕಿ. ಸಾವಂತ್ರಮ್ಮ ಅವರ ಮುಂದೆ ತಮ್ಮನ ಕಂಠವನ್ನು ಆಗಲೇ ಆಕಾಶಕ್ಕೆ ಏರಿಸಿಟ್ಟಿದ್ದಳು.

ಶಾಮಿಯಾನದ ಕೆಳಗೆ ಬೀಗರೆಲ್ಲ ಕೂತರು. ವಿರೂಪಾಕ್ಷಿ ಜರಿಯ ಶಲ್ಯ ಸರಿಪಡಿಸಿಕೊಂಡು, ಮೈಕು ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಬಾಯಿ ತೆರೆದ.

“ಗ್ರ್ರ್ರ್ಆಆ!”

ಮೈಕು ಚೀರಿತು. ತಾಂಬೂಲದ ತಟ್ಟೆ ಹಿಡಿದಿದ್ದವರು ತಟ್ಟೆ ಬಿಟ್ಟರು. ತೊಡೆಯ ಮೇಲಿದ್ದ ಕೂಸುಗಳೆಲ್ಲ ಒಂದೇ ಶ್ರುತಿಯಲ್ಲಿ ಅತ್ತವು. ವಿರೂಪಾಕ್ಷಿ ಗಾಬರಿಯಿಂದ ಮತ್ತೊಮ್ಮೆ ಪ್ರಯತ್ನಿಸಿದ. ಗಂಟಲಿನಿಂದ ಬಂದದ್ದು ಮತ್ತೆ ಅದೇ! ದಿನವೂ ಕಿರುಚಿ ಕಿರುಚಿ ಕೋಗಿಲೆ ಹಾರಿಹೋಗಿತ್ತು, ಕುಲುಮೆಯಷ್ಟೇ ಉಳಿದಿತ್ತು!

ಹೆಂಗಸರ ಸಾಲಿನಿಂದ ದಾಕ್ಷಾಯಣಿಯ ದನಿ ಕೇಳಿಸಿತು: “ಅಯ್ಯ! ನಮ್ಮ ಮೋಟ್ರು!”

ತಿಪ್ಪೇರುದ್ರಪ್ಪನವರು ಕೋಲೂರಿ ಎದ್ದರು. ಸಾವಂತ್ರಮ್ಮನ ಮುಖದಲ್ಲಿ ರಕ್ತವಿಲ್ಲ. ಶೀಲಾ ಸೆರಗಿನ ತುದಿ ಕಚ್ಚಿಕೊಂಡು ಸೋದರಮಾವನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ವಿರೂಪಾಕ್ಷಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾಲ್ಕು ದಿನದ ಚಪಲಕ್ಕೆ ಕೂಸಿನ ಮದುವೆಯನ್ನೇ ಕೆಡಿಸಿದೆನಲ್ಲ!

ಮುದುಕರು ನೇರ ಅವನ ಬಳಿ ಬಂದು, ಅವನ ಹೆಗಲ ಮೇಲೆ ಕೈಯಿಟ್ಟರು. ಕಣ್ಣು ಒದ್ದೆಯಾಗಿತ್ತು.

“ಗಂಟಲು ಇಷ್ಟು ಹರದುಹೋಗೈತಿ. ಅಂಥಾದ್ರಾಗೂ ಅಕ್ಕನ ಮಗಳ ಕಾರ್ಯ ಅಂತ ಹಾಡಾಕ ನಿಂತ್ರಲ್ಲ ತಮ್ಮಾ! ಇಂಥಾ ಸೋದರಮಾವ ಇರೋ ಮನಿ ಸಂಬಂಧ ಬಿಡಬಾರ್ದು. ಯಾರಲ್ಲಿ? ಮೆಣಸಿನ ಕಷಾಯ ತರ್ರಿ!”

ಪ್ರಾರ್ಥನೆಯನ್ನು ಶೀಲಾಳೇ ಹಾಡಿದಳು, ಚೆನ್ನಾಗಿಯೇ ಹಾಡಿದಳು. ಉಂಗುರ ಬದಲಾದವು. ಊಟದಲ್ಲಿ ಎಲ್ಲರಿಗೂ ಹೋಳಿಗೆ, ತುಪ್ಪ. ವಿರೂಪಾಕ್ಷಿಗೆ ಮಾತ್ರ ತಿಪ್ಪೇರುದ್ರಪ್ಪನವರ ಸ್ವಂತ ಉಸ್ತುವಾರಿಯಲ್ಲಿ ಲೋಟದ ಮೇಲೆ ಲೋಟ ಕಷಾಯ. ಹೊಗಳಿಕೆಯ ಒಂದೊಂದು ಮಾತೂ ಮೆಣಸಿಗಿಂತ ಖಾರವಾಗಿ ಒಳಗಿಳಿಯಿತು.

ವಾಪಸು ಬರುವಾಗ ದಾಕ್ಷಾಯಣಿ ತನ್ನ ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಸುವರ್ಣಮ್ಮ ಕಣ್ಣು ಮುಚ್ಚಿ ಒರಗಿದ್ದರು. ವಿರೂಪಾಕ್ಷಿ ಪಿಸುದನಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಬೈಗುಳ ಬಿದ್ದರೂ ಸರಿ, ಇಷ್ಟು ಉಗ್ರವಾದ ಸಂಗೀತವನ್ನು ಅರಗಿಸಿಕೊಂಡ ಗಂಡಸೆಂದು ಹೆಂಡತಿ ಒಳಗೊಳಗೇ ಮೆಚ್ಚಿಯಾಳೆಂಬ ಆಸೆ.

“ಯಾವ ಆಲ್ಬಂ ಕೇಳಿದ್ರಿ?”

“ಇದ, ಈ ಕಾರಿನಾಗ ಐತಲ್ಲ.”

ದಾಕ್ಷಾಯಣಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕಳು.

“ಇದು ಅವ್ರ ಮೆತ್ತನ್ನ ಆಲ್ಬಂ ರೀ! ಬ್ಯಾಂಡಿಗೆ ವಯಸ್ಸಾತು ಅಂತ ನಾವೆಲ್ಲಾ ಅತ್ತಿದ್ವಿ. ಇದನ್ನ ನಾ ಕೇಳಂಗಿಲ್ಲ. ಅತ್ತಿಯವರ ಸಲುವಾಗಿ ಇಟ್ಟೀನಿ.”

“ಅವ್ವನ ಸಲುವಾಗಿ?”

ಹಿಂದಿನ ಸೀಟಿನಲ್ಲಿ ಬಳೆಗಳ ಸದ್ದಾಯಿತು. ಸುವರ್ಣಮ್ಮ ಕಣ್ಣು ತೆರೆಯದೆಯೇ ಹೇಳಿದರು:

“ನಿಮ್ಮ ಮಾತು ಮುಗದಿದ್ರ ಅದನ್ನ ಹಚ್ಚವ್ವಾ ದಾಕ್ಷಾಯಣಿ. ಇವನ ಪ್ರಾರ್ಥನಿ ಕೇಳಿದಾಗಿಂದ ಎದಿ ಹೊಡಕೋಳಾಕತ್ತೈತಿ. ಸ್ವಲ್ಪ ಶಾಂತಿ ಸಿಗ್ಲಿ.”