ಸ್ಪ್ಯಾನಿಷಿನಲ್ಲಿ ಬೆಳ್ಮಣ್‌ನವರು

ಮಣಿಪಾಲದಲ್ಲಿ ನಾನು ಸಂಜೆ ಹೊತ್ತು ಸ್ಪ್ಯಾನಿಷ್ ಕಲಿಸುತ್ತೇನೆ. ‘ನೀವು ಎಲ್ಲಿಯವರು?’ ಎಂಬ ಪಾಠ ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಈ ಸಲ ಅದನ್ನು ನಮ್ಮ ಜಿಲ್ಲೆಯದೇ ಊರಾದ ಬೆಳ್ಮಣ್‌ನವರೊಬ್ಬರು ಗುತ್ತಿಗೆಗೆ ಹಿಡಿದಿದ್ದರು. ಕಾಪುವಿನ ಹೋಟೆಲಿನಲ್ಲಿ ಅಡುಗೆ ಕೆಲಸ. ಸ್ಪೇನಿನ ಒಂದು ಹೋಟೆಲಿಗೆ ಅರ್ಜಿ ಹಾಕಿದ್ದರು, ಫೋನಿನಲ್ಲಿ ಸ್ಪ್ಯಾನಿಷಿನಲ್ಲೇ ಸಂದರ್ಶನ. “ನಲವತ್ತು ದಾಟಿತು ಟೀಚರ್, ಇದು ತಪ್ಪಿದರೆ ಮತ್ತೆ ಯಾರು ಕರೆಯುತ್ತಾರೆ?” ಎನ್ನುತ್ತಿದ್ದರು.

೧. ಗಂಡೋ ಹೆಣ್ಣೋ

ಮೊದಲ ದಿನವೇ ಮೀಸೆ ತಿರುವಿ “ಸೋಯ್ ಇಂದಿಯಾ” ಎಂದರು.

“ಹಾಗೆಂದರೆ ‘ನಾನು ಭಾರತದ ಹೆಂಗಸು’ ಎಂದಾಯಿತು. ಗಂಡಸರು ‘ಇಂದಿಯೊ’ ಎನ್ನಬೇಕು” ಎಂದೆ.

“ಭಾರತಮಾತೆ ಅಲ್ವಾ ಟೀಚರ್?”

“ತಾಯಿ ಹೆಣ್ಣಾದರೆ ಮಗನೂ ಹೆಣ್ಣಾಗಬೇಕೆಂದು ಉಂಟಾ ಮಾರಾಯ್ರೇ?”

ಬರೆದುಕೊಂಡರು. ಮರುದಿನ ಹೆಂಡತಿಯ ಪರಿಚಯ ಹೇಳಿ ಎಂದರೆ, “ಅವಳೂ ಇಂದಿಯೊ. ನಮ್ಮ ಮನೆಯಲ್ಲಿ ಗಂಡಸು ಅವಳೇ” ಎಂದರು.

೨. ಊರಿಗೊಂದು ಬಾಲ

ಮ್ಯಾಡ್ರಿಡ್‌ನವರನ್ನು ‘ಮದ್ರಿಲೇನ್ಯೊ’ ಎನ್ನುತ್ತಾರೆ, ಹೆಂಗಸಾದರೆ ‘ಮದ್ರಿಲೇನ್ಯಾ’. ನಿಮ್ಮ ಊರಿಗೂ ಹೀಗೆ ಬಾಲ ಕಟ್ಟಿ ಎಂದೆ. ಇವರು ಕೂಡಲೇ “ಬೆಳ್ಮಣೇನ್ಯೊ” ಆದರು.

ಪಕ್ಕದ ಬೆಂಚಿನ ಹೆಂಗಸು ಮಾತ್ರ ಯೋಚನೆಗೆ ಬಿದ್ದರು. “ನಾನು ಹುಟ್ಟಿದ್ದು ಕಾರ್ಕಳ ಟೀಚರ್, ಕೊಟ್ಟದ್ದು ಉದ್ಯಾವರಕ್ಕೆ. ಎಂತ ಹೇಳುವುದು?”

“ನಿಮಗೆ ಬೇಕಾದ್ದು ಹೇಳಿ.”

“ಹಾಗಾದರೆ ಗಂಡ ಸರಿ ಇದ್ದ ದಿನ ಉದ್ಯಾವರೇನ್ಯಾ, ಇಲ್ಲದ ದಿನ ಕಾರ್ಕಳೇನ್ಯಾ.”

೩. ಅಕ್ಕನ ಮನೆ

ಸಂದರ್ಶನದ ದಿನ ಬೆಳ್ಮಣ್‌ನವರು ನನ್ನ ಎದುರೇ ಕೂತು ಫೋನಿನ ಸ್ಪೀಕರ್ ಹಾಕಿ ಮಾತಾಡಿದರು. ಹೋಟೆಲಿನ ಒಡತಿ ಮೊದಲು ತನ್ನ ಪರಿಚಯ ಹೇಳಿಕೊಂಡಳು: “ಸೋಯ್ ವೆಲೆನ್ಸಿಯಾನಾ.” ವೆಲೆನ್ಸಿಯಾದವಳು ಎಂದರ್ಥ. ಇವರ ಮುಖ ಅರಳಿತು. “ನನ್ನ ಅಕ್ಕನ ಮನೆಯೂ ವೆಲೆನ್ಸಿಯಾದಲ್ಲೇ” ಎಂದು ಒಂದು ತಪ್ಪಿಲ್ಲದೆ ಸ್ಪ್ಯಾನಿಷಿನಲ್ಲಿ ಹೇಳಿದರು. ಅವಳಿಗೂ ಖುಷಿಯೋ ಖುಷಿ. ಅರ್ಧ ಗಂಟೆ ನಗುನಗುತ್ತಾ ಮಾತಾಡಿದರು.

ಫೋನಿಟ್ಟ ಮೇಲೆ ಕೇಳಿದೆ, “ಅಕ್ಕ ಸ್ಪೇನಿಗೆ ಹೋದದ್ದು ಯಾವಾಗ?”

“ಸ್ಪೇನಾ? ನಮ್ಮ ಮಂಗಳೂರಿನ ವೆಲೆನ್ಸಿಯಾ ಟೀಚರ್, ಕಂಕನಾಡಿ ಹತ್ತಿರ. ಈ ಒಡತಿಯೂ ಅಲ್ಲಿಂದಲೇ ಹೋದವರು ಎಂದುಕೊಂಡೆ.”

ಆ ಹೆಸರಿನ ದೊಡ್ಡ ನಗರ ಸ್ಪೇನಿನಲ್ಲೇ ಉಂಟು ಎಂದಾಗ ಪಾಪ, ಮುಖ ಇಷ್ಟೇ ಇಷ್ಟಾಯಿತು. “ಸುಳ್ಳು ಹೇಳಿ ಕೆಲಸ ಕೇಳಿದ ಹಾಗಾಯಿತಲ್ಲ. ಇದ್ದದ್ದು ಇದ್ದ ಹಾಗೆ ಬರೆದು ಕಳುಹಿಸುವ” ಎಂದರು. ಬರೆದೆವು. ನನಗೂ ಎರಡು ದಿನ ಊಟ ರುಚಿಸಲಿಲ್ಲ.

ಮೂರನೇ ದಿನ ಉತ್ತರ ಬಂತು: “ಕೆಲಸ ನಿಮ್ಮದೇ, ಬೇಗ ಬನ್ನಿ. ಉಳಿಯಲು ಕೋಣೆ ನಾವೇ ಕೊಡುತ್ತೇವೆ. ಅಕ್ಕನ ಮನೆಯಿಂದ ದಿನಾ ಬಂದು ಹೋಗಲು ಸ್ವಲ್ಪ ದೂರವಾದೀತು.”