ಚಹಾ ಕುಡಿಯದೆ ಮುಚ್ಚದ ಕಿಟಕಿ

ರಬಕವಿಯಲ್ಲಿ ನಮ್ಮ ಮನೆತನ ತಲೆಮಾರುಗಳಿಂದ ಸೀರೆ ನೇಯಿಸುತ್ತ, ಮಾರುತ್ತ ಬಂದಿದೆ. ಬಣ್ಣ ಬಿಟ್ಟಿತೆಂಬ ದೂರು ಒಂದೂ ಬಂದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಇಂಥವಳು ಅರವತ್ತರ ಹತ್ತಿರ ಪ್ರೋಗ್ರಾಂ ಬರೆಯಹೊರಟರೆ ನಗೆಪಾಟಲು ಕರೆಯದೆಯೂ ಬೆನ್ನು ಹತ್ತುತ್ತದೆ.

ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಓಡುವ ಪ್ರೋಗ್ರಾಂ ಅದು. ಗಿರಾಕಿ ಒಡಲಿನ ಬಣ್ಣ, ದಡಿಯ ಬಣ್ಣ ಒತ್ತಿದರೆ ಪರದೆಯ ಮೇಲೆ ಸೀರೆ ಮೂಡಬೇಕು. ಅಂಗಡಿ ನೋಡುವ ಮೈದುನ ಗಿರಾಕಿಗಳ ಎದುರೇ ನಕ್ಕ: "ವೈನಿ, ಇದು ನಿಮ್ಮ ಕೈಲೆ ಆಗೂದಲ್ರಿ. ಆತಂದ್ರ ಕೌಂಟರ್ ಮ್ಯಾಲೆ ಇಡತೇನಿ, ಎಲ್ಲಾರ ಮುಂದ ತಪ್ಪಾತು ಅಂತೇನಿ."

ಬಂದ ಕಿಟಕಿ, ಹೋದ ಕಿಟಕಿ

ಜಮಖಂಡಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಅಲ್ಲಿ ನನ್ನ ಪ್ರೋಗ್ರಾಮಿನ ಮೊದಲ ಕಿಟಕಿ, ಅಂದರೆ ವಿಂಡೋ, ಪರದೆಯ ಮೇಲೆ ತೆರೆಯಿತು, ರೆಪ್ಪೆ ಬಡಿಯುವಷ್ಟರಲ್ಲಿ ಮಾಯವಾಯಿತು.

"ಅಮ್ಮಾರ, ತೆರಿ ಅಂದ್ರಿ, ಯಾರರ ಗುಂಡಿ ಒತ್ತೂಮಟ ನಿಂದ್ರು ಅನ್ನಲಿಲ್ಲ," ಎಂದಳು ಕಲಿಸುವ ಹುಡುಗಿ.

"ಬಂದವರಿಗೆ ನಿಂದ್ರು ಅಂತ ಬ್ಯಾರೆ ಹೇಳಬೇಕೇನು?"

"ಇದಕ್ಕ ಹೇಳಬೇಕ್ರಿ. ಇದು ಕಾನ್ವೆಂಟಿಗೆ ಹೋಗಿಲ್ಲ!"

ಗುಂಡಿಗಳ ಥಪ್ಪಿ

ಬಣ್ಣದ ಗುಂಡಿಗಳನ್ನೆಲ್ಲ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟೆ. ಕಂಡದ್ದು ಮೇಲಿನ ಕಪ್ಪು ಮಾತ್ರ.

"ಉಳದ ಬಣ್ಣ ಎಲ್ಲಿರಿ?" ಎಂದಳು ಹುಡುಗಿ.

"ಕೆಳಗ ಅದಾವು. ಅಂಗಡ್ಯಾಗ ಸೀರಿ ಹಂಗ ಇಡತೇವಿ."

"ಅಂಗಡ್ಯಾಗ ಎಳದು ತೋರಸಾಕ ಆಳು ಇರತಾನ್ರಿ."

"ಹಂಗಾದ್ರ ಆಳನ್ನೂ ಇದರಾಗ ಹಾಕು!"

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಕಾನ್ವೆಂಟಿನ ಶಿಸ್ತಿನಂತೆ ಬೆನ್ನು ಬಾಗಿಸದೆ.

ಅರ್ಧಾ ಕಪ್ ಆದ್ರೂ

ಕೊನೆಗೂ ಲ್ಯಾಪ್‌ಟಾಪ್ ಅಂಗಡಿಗೆ ಒಯ್ದೆ. ಗಿರಾಕಿಗಳು ಮುತ್ತಿದರು. ಹಸಿರು ಒಡಲು, ಕೆಂಪು ದಡಿ ಒತ್ತಿದೆ, ಸೀರೆ ಮೂಡಿತು! ಮೈದುನ ಮುಖ ಹುಳಿ ಮಾಡಿ, "ಛಲೋ ಐತಿ ಬಿಡ್ರಿ," ಎಂದು ಮುಚ್ಚುವ ಗುಂಡಿ ಒತ್ತಿದ.

ನಮ್ಮಲ್ಲಿಂದ ಯಾರೂ ಚಹಾ ಕುಡಿಯದೆ ಹೋದದ್ದಿಲ್ಲ. ಆ ಪದ್ಧತಿಯನ್ನು ಗುಂಡಿಗೂ ಕಲಿಸಿದ್ದೆ.

"ಚಹಾ ಕುಡದು ಹೋಗ್ರಿ," ಎಂದು ಪರದೆಯ ಮೇಲೆ ಬಂತು. ಆತ 'ಬ್ಯಾಡ' ಒತ್ತಿದ.

"ಅರ್ಧಾ ಕಪ್ ಆದ್ರೂ?"

'ಬ್ಯಾಡ.'

"ನಮ್ಮ ಚಹಾ ನಿಮಗ ಸೇರೂದಿಲ್ಲೇನ್ರಿ?"

"ವೈನಿ, ಇದು ನನ್ನ ಬಿಡವಲ್ದರಿ!" ಎಂದು ಪ್ಲಗ್ಗೇ ಕಿತ್ತ. ಬ್ಯಾಟರಿಯ ಮೇಲೆ ಉಪಚಾರ ಮುಂದುವರಿಯಿತು. ಗಿರಾಕಿಗಳು ಸೀರೆ ಗಂಟುಗಳ ಮೇಲೆ ಉರುಳಾಡಿದರು. ಮೈದುನ ಸೋತು, ಬೆವರೊರೆಸಿಕೊಂಡು 'ಕುಡೀತೇನಿ' ಒತ್ತಿದ. ಕಿಟಕಿ ಮುಚ್ಚಿತು. ಆತ ಅಭ್ಯಾಸಬಲದಿಂದ ಇಲ್ಲದ ಚಹಾ ಕಪ್ಪಿಗೆ ಕೈ ಚಾಚಿದ!

ಪ್ರೋಗ್ರಾಂ ಈಗ ಕೌಂಟರಿನ ಮೇಲಿದೆ. ಕೊಟ್ಟ ಮಾತಿನ ಉಳಿದರ್ಧ ಹಾಗೇ ಇದೆ. ಮೈದುನ ಅದೇ ಕೌಂಟರಿನ ಮುಂದೆ, ಗಿರಾಕಿಗಳ ಎದುರು, ನನ್ನ ಕ್ಷಮೆ ಕೇಳಬೇಕು.