ವಿಶೆಹ್ರಾದಿನಲ್ಲಿ ಎರಡು ಗಂಟೆಗೆ

ಅಂಚೆ ಕಾರ್ಡಿನಲ್ಲಿ ಬರೆದದ್ದೇ ವಿಲೆಮನ ತಪ್ಪು. ಲಕೋಟೆಯಾಗಿದ್ದರೆ ಗುಟ್ಟು ಉಳಿಯುತ್ತಿತ್ತು. ಕಾರ್ಡನ್ನು ಕಟ್ಟಡ ನೋಡಿಕೊಳ್ಳುವ ಬೆನೆಶೋವಾ ಮೆಟ್ಟಿಲು ಒರೆಸುತ್ತಲೇ ಎರಡು ಸಲ ಓದಿ, ಮೂರನೇ ಮಹಡಿಯ ಲುದ್ಮಿಲಾಳಿಗೆ ತಲುಪಿಸುವ ಹೊತ್ತಿಗೆ ಬಾಯಿಪಾಠ ಮಾಡಿದ್ದಳು.

“‘ಹದಿನಾರಕ್ಕೆ ಪ್ರಾಗ್‌ಗೆ ಬರುತ್ತೇನೆ. ಒಂದೇ ಮಧ್ಯಾಹ್ನ ಬಿಡುವು. ಕೋಟೆ ನೋಡೋಣವೋ, ವಿಶೆಹ್ರಾದೋ? ನೀವೇ ಹೇಳಿ.’ ಯಾರೇ ಇವನು?”

“ನಾನು ಹೊಟ್ಟೆ ಚಿಕಿತ್ಸೆಗೆ ಲುಹಾಚೋವಿತ್ಸೆಗೆ ಹೋಗಿದ್ದೆನಲ್ಲ, ಅಲ್ಲಿ ಔಷಧಿಯ ಊಟೆ ನೀರು ಕುಡಿಯೋ ಸಾಲಲ್ಲಿ ನನ್ನ ಹಿಂದೆ ನಿಲ್ತಿದ್ರು.”

ವಿಲೆಮ್ ಓಸ್ತ್ರಾವಾದ ಗಣಿಯಲ್ಲಿ ದುಡಿಯುವ ವಿಧುರ. ತುಕ್ಕಿನ ವಾಸನೆಯ ಆ ನೀರನ್ನು ಕುಡಿಯುತ್ತ ಮೂರು ವಾರವೂ ಅವನು ಹೇಳಿದ್ದು ಒಂದೇ ಮಾತು: “ನಿನ್ನೆಗಿಂತ ಇವತ್ತು ಪರವಾಗಿಲ್ಲ, ಅಲ್ವಾ?” ಹನ್ನೊಂದು ವರ್ಷದಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಷ್ಟಕ್ಕೇ ಅವಳು ಐದು ತಿಂಗಳು ಅಂಚೆಪೆಟ್ಟಿಗೆ ನೋಡುತ್ತಿದ್ದಳು.

“ಕೋಟೆಗೇ ಕರ್ಕೊಂಡು ಹೋಗು,” ಎಂದಳು ಬೆನೆಶೋವಾ. “ರಾಜರು ಇದ್ದ ಜಾಗ. ಆ ವಿಶೆಹ್ರಾದ್ ಗುಡ್ಡದಲ್ಲಿ ಏನಿದೆ? ಸ್ಮಶಾನ. ಮೊದಲನೇ ದಿನವೇ ಗಂಡಸಿಗೆ ಗೋರಿ ತೋರಿಸ್ತಾರೇನೇ?”

ಮೇಲಿನ ಮಹಡಿಯಿಂದ ನಿವೃತ್ತ ಟ್ರಾಮ್ ಚಾಲಕ ಕುಬಾತ್ ಇಳಿದು ಬಂದ. “ಕೋಟೇಲಿ ಜನರ ಬೆನ್ನು ಬಿಟ್ರೆ ಇನ್ನೇನೂ ಕಾಣಲ್ಲ. ವಿಶೆಹ್ರಾದಲ್ಲಿ ನದಿ ಕಾಣತ್ತೆ, ಮಾತು ಕೇಳಿಸತ್ತೆ.”

“ಗೋರಿಯೊಳಗಿನವರ ಮಾತಾ?”

ಇಬ್ಬರೂ ಒಂದು ವಾರ ಕಚ್ಚಾಡಿದರು. ಲುದ್ಮಿಲಾ ಯಾರಿಗೂ ಹೇಳದೆ ಉತ್ತರವನ್ನು ಲಕೋಟೆಗೆ ಹಾಕಿ ಅಂಟಿಸಿದಳು: ವಿಶೆಹ್ರಾದ್, ಇಟ್ಟಿಗೆ ಹೆಬ್ಬಾಗಿಲು, ಎರಡು ಗಂಟೆ.

ಆದರೆ ಸೆಪ್ಟೆಂಬರ್ ಹದಿನಾರು ಕ್ಯಾಲೆಂಡರಿನಲ್ಲಿ ಲುದ್ಮಿಲಾ ಎಂಬ ಹೆಸರಿನವರ ದಿನ. ಹೆಸರಿನ ದಿನಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ; ಬರುವವರು ಹೂ ಹಿಡಿದು ತಾವೇ ಬರುತ್ತಾರೆ. ಬಂದವರಿಗೆ ಕಾಫಿ, ಬ್ರೆಡ್ಡಿನ ಮೇಲೆ ಹ್ಯಾಮು, ಮೊಟ್ಟೆ, ಒಂದು ಗುಟುಕು ಮದ್ಯ ಕೊಡಲೇಬೇಕು. ಒಂದು ಗಂಟೆಗೆ ಆರು ಕುರ್ಚಿಗಳ ಮೇಲೆ ಒಂಬತ್ತು ಜನ ಕೂತು, ರೈಲು ತಪ್ಪಿದವರಂತೆ ನಿರಾಳವಾಗಿ ಹರಟುತ್ತಿದ್ದರು. ಒಂದೂಕಾಲಕ್ಕೆ ಲುದ್ಮಿಲಾ ಕೆನ್ನೆ ಒತ್ತಿ ಹಿಡಿದಳು.

“ಹಲ್ಲು ನೋವು. ಡಾಕ್ಟರ ಹತ್ರ ಹೋಗಿ ಬರ್ತೀನಿ.”

“ಹೋಗು ಹೋಗು, ಹಲ್ಲಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ,” ಎಂದಳು ಬೆನೆಶೋವಾ, ಇನ್ನೊಂದು ಬ್ರೆಡ್ಡು ತೆಗೆದುಕೊಳ್ಳುತ್ತ. “ಮನೆ ನಾವು ನೋಡ್ಕೋತೀವಿ.”

ಕುಬಾತ್ ತನ್ನ ಉಣ್ಣೆಯ ಶಾಲನ್ನು ಅವಳ ದವಡೆಗೆ ಬಿಗಿದು, ನೆತ್ತಿಯ ಮೇಲೆ ಗಂಟು ಹಾಕಿ ಕಳಿಸಿದ. ಈಸ್ಟರ್ ಮೊಟ್ಟೆಯ ಪೊಟ್ಟಣದಂತಿದ್ದ ಮುಖವನ್ನು ಟ್ರಾಮಿನವರೆಲ್ಲ ನೋಡಿದರು. ಇಟ್ಟಿಗೆ ಹೆಬ್ಬಾಗಿಲಲ್ಲಿ ಗಂಟು ಬಿಚ್ಚಿ, ಕೂದಲು ಸರಿಮಾಡಿಕೊಂಡಳು. ಎರಡಕ್ಕೆ ಐದು ನಿಮಿಷವಿತ್ತು.

ಎರಡಾಯಿತು. ಮೂರಾಯಿತು. ಅವಳು ಗೋಡೆಯಂಚಿನ ಬೆಂಚಿಗೆ ಬಂದು ಕೂತಳು. ಬಾಗಿಲು ಅಲ್ಲಿಂದಲೂ ಕಾಣುತ್ತಿತ್ತು. ಕೆಳಗೆ ನದಿ, ದೂರದಲ್ಲಿ ಕೋಟೆ ಕೇಕಿನ ಮೇಲಿನ ಸಕ್ಕರೆ ಬೊಂಬೆಯಷ್ಟಿತ್ತು. ತಾನು ಆರಿಸಿದ್ದು ತಪ್ಪಾಯಿತೇ? ಅಲ್ಲಿಗೆ ಕರೆದಿದ್ದರೆ ಬರುತ್ತಿದ್ದನೇ? ಬಂದರೆ ಹೇಳಬೇಕೆಂದು ಐದು ತಿಂಗಳು ಕೂಡಿಟ್ಟ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಒಬ್ಬಳೇ ಇದ್ದಾಗ ಎಲ್ಲವೂ ಚೆನ್ನಾಗಿಯೇ ಇದ್ದವು. ಐದು ಗಂಟೆಗೆ ಬಿಸಿಲು ಬೆಂಚು ಬಿಟ್ಟು ಹೋಯಿತು, ಅವಳೂ ಎದ್ದಳು.

ಮನೆಯಲ್ಲಿ ಕುಬಾತ್ ಒಬ್ಬನೇ ತಟ್ಟೆ ತೊಳೆಯುತ್ತಿದ್ದ. ಮೇಜಿನ ಮೇಲೆ ಏಳು ಡೇಲಿಯಾ ಹೂಗಳಿದ್ದವು.

“ನಿಮ್ಮ ಓಸ್ತ್ರಾವಾದವರು ಬಂದಿದ್ರು. ನೀವು ಹೊರಟು ಐದು ನಿಮಿಷ ಆಗಿತ್ತು. ‘ಹೆಸರಿನ ದಿನ ಹೆಂಗಸನ್ನ ಬೀದೀಲಿ ನಿಲ್ಲಿಸಿ ಹೂ ಕೊಡೋದಾ? ಮನೆಗೇ ಹೋಗಿ ಜೊತೇಲಿ ಕರ್ಕೊಂಡು ಹೋಗೋಣ ಅಂತ ಬಂದೆ’ ಅಂದ್ರು. ನೀವು ಡಾಕ್ಟರ ಹತ್ರ ಹೋಗಿದ್ದೀರಿ ಅಂದ್ವಿ. ಪಾಪ, ಮುಖ ಇಷ್ಟಾಯ್ತು.”

“ಆಮೇಲೆ?”

“ಇರೋದು ಒಂದು ಮಧ್ಯಾಹ್ನ, ಹಾಳಾಗೋದು ಬೇಡ ಅಂತ ಬೆನೆಶೋವಾ ಕೋಟೆಗೆ ಕರ್ಕೊಂಡು ಹೋದ್ಲು.”

ಏಳು ಗಂಟೆಗೆ ಬೆನೆಶೋವಾ ಬಂದಳು. ಹೊಸ ಟೋಪಿ, ಕೆಂಪೇರಿದ ಕೆನ್ನೆ. ಕೈಯಲ್ಲಿ ಮಾತ್ರ ರವೆ ಗಂಜಿಯ ಬಟ್ಟಲು.

“ಇದನ್ನ ಕುಡಿ, ಅಗಿಯೋದು ಬೇಡ. ಲುದ್ಮಿಲಾ, ಕುಬಾತ್ ಹೇಳಿದ್ದೇ ಸರಿ. ಕೋಟೇಲಿ ಬರೀ ನೂಕುನುಗ್ಗಲು. ಒಂದು ಮಾತು ಆಡಕ್ಕಾಗ್ಲಿಲ್ಲ.” ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. “ಅಕ್ಟೋಬರಲ್ಲಿ ಮತ್ತೆ ಬರ್ತಾರಂತೆ. ವಿಶೆಹ್ರಾದಿಗೇ ಹೋಗೋಣ ಅಂದೆ. ಅಲ್ಲಿ ಇಬ್ಬರಿಗೆ ಕೂರಕ್ಕೆ ಒಳ್ಳೆ ಜಾಗ ಎಲ್ಲಿದೆಯೇ?”

ಲುದ್ಮಿಲಾ ಗಂಜಿ ನುಂಗಿದಳು. ನಿಜವಾಗಿಯೂ ಎಲ್ಲೋ ನೋಯುತ್ತಿತ್ತು.

“ಗೋಡೆ ಪಕ್ಕದ ಬೆಂಚು,” ಎಂದಳು. “ಐದರವರೆಗೆ ಬಿಸಿಲಿರತ್ತೆ.”